“ಯಾರಿಗೂ ಹೇಳಬೇಡಿರಿ” ಎಂಬ ಮಾತು

ಒಂದು ಸಂಗತಿಯನ್ನು ಎಣಿಸಿಕೊಳ್ಳಿರಿ. ನಿಮ್ಮ ಬೀದಿಯ ಹದಿನಾರು ವರುಷದ ಹುಡುಗನೊಬ್ಬನು ಸಂಜೆಯ ವೇಳೆಯಲ್ಲಿ ನಿಮ್ಮ ಮನೆಗೆ ಬರುತ್ತಾನೆ. ಬಂದ ಕಾರಣವನ್ನು ಹೇಳದೆ ಅದು ಇದು ಮಾತಾಡುತ್ತಾನೆ, ಕೊಟ್ಟ ಕಾಫಿಯನ್ನು ಕುಡಿದು ಹೊರಡುವದಕ್ಕೆ ಏಳುತ್ತಾನೆ, ಬಾಗಲ ತನಕ ಹೋದವನು ತಿರಿಗಿ ಬಂದು, “ಅಕ್ಕಾ, ನಿಮಗೆ ಒಂದು ಮಾತು ಹೇಳಬೇಕು. ಆದರೆ ಯಾರಿಗೂ ಹೇಳಬೇಡಿರಿ” ಎನ್ನುತ್ತಾನೆ. ಆಗ ನೀವು ಏನನ್ನುವಿರಿ? ನಮ್ಮಲ್ಲಿ ಹೆಚ್ಚಿನವರು ಹಿಂದು ಮುಂದು ನೋಡದೆ, “ಇಲ್ಲಪ್ಪಾ, ನಾನು ಯಾರಿಗೆ ಹೇಳಲಿ? ಹೇಳು” ಅನ್ನುವೆವು. ಆ ಮಾತು ಬಾಯಿಂದ ಹೊರಟ ಕ್ಷಣದಲ್ಲಿಯೇ ನಾವು ಒಂದು ಸಾಲಪತ್ರಕ್ಕೆ ರುಜು ಹಾಕಿದಂತಾಯಿತು. ಸಾಲದ ಮೊತ್ತವೆಷ್ಟೆಂಬದು ಮಾತ್ರ ನಮಗೆ ಇನ್ನೂ ತಿಳಿಯದು.

ಅವನು ಹೇಳುವದು ಸಣ್ಣ ಮಾತಾಗಿರಬಹುದು. ಪರೀಕ್ಷೆಯ ಅಂಕಗಳನ್ನು ತಂದೆಗೆ ತೋರಿಸದೆ ಮರೆಮಾಡಿದ್ದಾನು. ಜೊತೆಗಾರರು ಅವನ ಮಾತಿನ ರೀತಿಯನ್ನು ನೋಡಿ ನಕ್ಕಿದ್ದಾರು. ಆದರೆ ಅವನು ತಲೆ ತಗ್ಗಿಸಿ, “ಮೂರು ವಾರದಿಂದ ನನಗೆ ನಿದ್ರೆಯಿಲ್ಲ. ನಾನು ಇಲ್ಲದೆ ಹೋದರೆ ಮನೆಯವರಿಗೆ ಒಂದು ಭಾರ ಇಳಿದೀತು ಅನ್ನಿಸುತ್ತದೆ” ಎಂದರೆ ಏನು ಮಾಡುವಿರಿ? ಹೇಳಿದರೆ ಕೊಟ್ಟ ಮಾತಿಗೆ ತಪ್ಪಿದವರಾಗುವಿರಿ. ಹೇಳದಿದ್ದರೆ ಒಂದು ಜೀವದ ಹೊಣೆಯು ನಿಮ್ಮೊಬ್ಬರ ತಲೆಯ ಮೇಲೆ ನಿಲ್ಲುವದು. ವಚನವನ್ನು ಕಾಯಬೇಕೋ, ಹುಡುಗನನ್ನು ಕಾಯಬೇಕೋ? ಎರಡನ್ನೂ ಕಾಯುವ ದಾರಿ ಇದೆಯೋ? ಇದು ಪಂಡಿತರು ಮಾತ್ರ ವಿಚಾರಿಸತಕ್ಕ ಪ್ರಶ್ನೆಯಲ್ಲ. ಇದು ಯಾವ ದಿನವಾದರೂ ನಮ್ಮ ಬಾಗಲಿಗೆ ಬರಬಹುದು. ಬಂದ ಮೇಲೆ ಯೋಚಿಸುವದಕ್ಕೆ ಸಮಯವಿರುವದಿಲ್ಲ. ಆದಕಾರಣ ಮುಂಚಿತವಾಗಿಯೇ ಯೋಚಿಸುವದು ಒಳ್ಳೇದು.

ಈ ಹುಡುಗನು ಎಲ್ಲಿಯವನು? ಬೆಂಗಳೂರಿನ ಹೊರವಲಯದವನು ಎಂದಿಟ್ಟುಕೊಳ್ಳೋಣ. ಆ ಸೀಮೆಯು ಹಳ್ಳಿಯೂ ಅಲ್ಲದೆ ಪಟ್ಟಣವೂ ಅಲ್ಲದೆ ಬೆಳೆದದ್ದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ವೈಟ್‌ಫೀಲ್ಡ್ ಎಂಬದು ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬದುಕಲೆಂದು ಸ್ಥಾಪಿಸಲ್ಪಟ್ಟ ಊರು. ೧೯೯೦ರ ದಶಕದಲ್ಲಿ ಅಲ್ಲಿ ಗಣಕಯಂತ್ರದ ಕಂಪನಿಗಳ ದೊಡ್ಡ ಕಟ್ಟಡಗಳು ಎದ್ದವು. ಹೊಸೂರು ರಸ್ತೆಯಲ್ಲಿ ಇಲೆಕ್ಟ್ರಾನಿಕ್ ಸಿಟಿಯೂ ತುಮಕೂರು ರಸ್ತೆಯ ಬದಿಯಲ್ಲಿ ಪೀಣ್ಯದ ಕಾರ್ಖಾನೆಗಳೂ ರಾಗಿಯ ಹೊಲಗಳಿದ್ದ ನೆಲದಲ್ಲಿಯೇ ಹಬ್ಬಿದವು. ರಾಯಚೂರು, ಕಲಬುರಗಿ ಕಡೆಯಿಂದಲೂ, ಬಿಹಾರ, ಒಡಿಶಾ ಮುಂತಾದ ದೂರದ ರಾಜ್ಯಗಳಿಂದಲೂ ಜನರು ಅಲ್ಲಿಗೆ ಕೂಲಿಗೆ ಬಂದು, ಸಾಲುಮನೆಗಳಲ್ಲಿಯೂ ತಗಡಿನ ಶೀಟಿನ ಮನೆಗಳಲ್ಲಿಯೂ ನೆಲಸಿದ್ದಾರೆ. ತಂದೆಯು ರಾತ್ರಿಯ ಪಾಳಿಯಲ್ಲಿ ಕಂಪನಿಯ ಗೇಟು ಕಾಯುತ್ತಾನೆ; ತಾಯಿಯು ಬೆಳಗಾಗುತ್ತಲೇ ಗಾರ್ಮೆಂಟ್ಸಿಗೆ ಹೊರಡುತ್ತಾಳೆ. ಒಬ್ಬರು ಬರುವಾಗ ಇನ್ನೊಬ್ಬರು ಹೋಗುತ್ತಾರೆ. ಮಗನು ಕೈಯಲ್ಲಿ ಮೊಬೈಲು ಹಿಡಿದು ಒಬ್ಬನೇ ಕೂತಿರುತ್ತಾನೆ. ಹಳ್ಳಿಯಲ್ಲಿ ಅಜ್ಜಿಯಿದ್ದಳು, ಜಗಲಿಯಿತ್ತು; ಇಲ್ಲಿ ಪಕ್ಕದ ಮನೆಯವರ ಹೆಸರೂ ತಿಳಿಯದು. ಹೀಗೆ ಅಲ್ಲಿಯ ಮಗುವಿಗೆ ಮಾತು ಇದ್ದರೂ ಕೇಳುವವರಿಲ್ಲ.

ಹಾಗಾದರೆ ಹಳ್ಳಿಯಲ್ಲಿರುವ ನಮ್ಮ ಮಕ್ಕಳು ಸುಖಿಗಳೆಂದು ನೆನಸಬಾರದು. ಹಳ್ಳಿಯಲ್ಲಿ ಕೇಳುವವರು ಬಹಳ ಮಂದಿ ಇದ್ದಾರೆ. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರು ಕಡಿಮೆ. ಬಾವಿಯ ಬಳಿ ಬೆಳಗ್ಗೆ ಆಡಿದ ಮಾತು ದೀಪ ಹಚ್ಚುವದರೊಳಗೆ ಕೊನೇ ಮನೆಗೆ ಮುಟ್ಟುತ್ತದೆ. ನಮ್ಮ ಕೂಟಗಳೂ ಈ ದೋಷಕ್ಕೆ ಹೊರತಾಗಿಲ್ಲ. “ಇಂಥವರ ಮಗನಿಗೋಸ್ಕರ ಪ್ರಾರ್ಥಿಸೋಣ, ಕಾರಣವನ್ನು ಕೇಳಬೇಡಿರಿ” ಎಂದು ಒಬ್ಬರು ಹೇಳಿದರೆ, ಕೂಟ ಮುಗಿಯುವದರೊಳಗೆ ಕಾರಣವು ಎಲ್ಲರಿಗೂ ತಿಳಿದಿರುತ್ತದೆ. ಇದನ್ನು ಮಕ್ಕಳು ನೋಡುತ್ತಾರೆ. ನೋಡಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಪಟ್ಟಣದ ಹುಡುಗನು ಕೇಳುವವರಿಲ್ಲದೆ ಸುಮ್ಮನಿರುತ್ತಾನೆ. ಹಳ್ಳಿಯ ಹುಡುಗನು ಕೇಳಿದವರಿಗೆ ಹೆದರಿ ಸುಮ್ಮನಿರುತ್ತಾನೆ. ಮೌನವು ಒಂದೇ.

ಇಂಥ ವ್ಯಥೆಯು ಎಲ್ಲೋ ಸಾವಿರಕ್ಕೊಬ್ಬನಿಗೆ ಬರುವದೆಂದು ಕೆಲವರು ನೆನಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೧೫-೧೬ರಲ್ಲಿ ನಡಿಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ೧೩ರಿಂದ ೧೭ ವರುಷದ ಮಕ್ಕಳೊಳಗೆ ನೂರಕ್ಕೆ ೭.೩ ಮಂದಿಗೆ ಯಾವದಾದರೊಂದು ಮಾನಸಿಕ ರೋಗವಿರುವದಾಗಿ ಕಂಡುಬಂತು. ನಿಮ್ಮ ಊರಿನ ಪಾಠಶಾಲೆಯ ಒಂದು ತರಗತಿಯಲ್ಲಿ ನಾಲ್ವತ್ತು ಮಕ್ಕಳಿದ್ದರೆ, ಈ ಲೆಕ್ಕದ ಮೇರೆಗೆ ಸುಮಾರು ಮೂವರು. ಇದು ವೈದ್ಯರು ರೋಗವೆಂದು ಹೆಸರಿಡುವವುಗಳ ಲೆಕ್ಕ ಮಾತ್ರ. ಹೆಸರಿಲ್ಲದ ದುಃಖ, ನಾಚಿಕೆ, ಭಯ ಇವು ಈ ಲೆಕ್ಕದೊಳಗೆ ಸೇರಿಲ್ಲ. ಆ ಮೂವರು ಯಾರೆಂದು ನಿಮಗೆ ಗೊತ್ತೋ? ಗೊತ್ತಿಲ್ಲದಿದ್ದರೆ, ಅವರು ಇನ್ನೂ ಯಾರಿಗೂ ಹೇಳಲಿಲ್ಲವೆಂದು ತಿಳಿಯಬೇಕು.

ಹೇಳದೆ ಇರುವದರಿಂದ ಏನಾಗುತ್ತದೆಂಬದಕ್ಕೆ ದೂರದೇಶದ ಒಂದು ಸಂಗತಿಯನ್ನು ಹೇಳುತ್ತೇನೆ. ಇಂಗ್ಲೆಂಡ್ ದೇಶದಲ್ಲಿ ಚಾಡ್ ವಾರಾ ಎಂಬ ಒಬ್ಬ ಎಳೆಯ ಸಭಾಪಾಲಕನು ೧೯೩೫ರಲ್ಲಿ ಲಿಂಕನ್ ಎಂಬ ಪಟ್ಟಣದಲ್ಲಿ ಒಬ್ಬ ಹುಡುಗಿಯ ಶವಸಂಸ್ಕಾರವನ್ನು ನಡಿಸಬೇಕಾಯಿತು. ಆಕೆಗೆ ಹದಿಮೂರು ಹದಿನಾಲ್ಕು ವರುಷ. ಮೈನೆರೆದ ಗುರುತು ಕಂಡಾಗ ಆಕೆಯು ತನಗೆ ನಾಚಿಕೆಗೇಡಿನ ರೋಗವೊಂದು ತಗಲಿತೆಂದು ತಪ್ಪಾಗಿ ತಿಳಿದು, ಯಾರನ್ನೂ ಕೇಳಲಾರದೆ, ತನ್ನ ಜೀವವನ್ನು ತಾನೇ ತೆಗೆದುಕೊಂಡಿದ್ದಳು. ಪ್ರತಿಯೊಬ್ಬ ತಾಯಿಯೂ ಎರಡು ಮಾತಿನಲ್ಲಿ ತಿಳಿಸಬಹುದಾದದ್ದನ್ನು ಆಕೆಗೆ ತಿಳಿಸುವವರಿರಲಿಲ್ಲ. ವಾರಾ ಅದನ್ನು ಮರೆಯಲಿಲ್ಲ. ೧೯೫೩ರಲ್ಲಿ ಅವನು ಲಂಡನ್ ಪಟ್ಟಣದ ತನ್ನ ಸಭಾಲಯದಲ್ಲಿ ಒಂದು ಟೆಲಿಫೋನನ್ನು ಇಟ್ಟು, ಸಾಯಬೇಕೆಂದು ನೆನಸುವವರು ತನ್ನ ಸಂಗಡ ಮಾತಾಡಬಹುದೆಂದು ಪ್ರಕಟಿಸಿದನು. ಆಗ ಒಂದು ವಿಶೇಷ ಕಂಡುಬಂತು. ಅವನನ್ನು ನೋಡಬೇಕೆಂದು ಬಂದವರು ಹೊರಗಿನ ಕೋಣೆಯಲ್ಲಿ ಕಾಯುತ್ತಾ, ಚಹಾ ಕೊಡುವದಕ್ಕಾಗಿ ಸೇರಿದ್ದ ಸಾಧಾರಣ ಜನರ ಸಂಗಡ ಮಾತಾಡುತ್ತಿದ್ದರು. ಅನೇಕರು ಅಷ್ಟರಿಂದಲೇ ಹಗುರವಾಗಿ, ಒಳಗೆ ಬರುವ ಅಗತ್ಯವಿಲ್ಲವೆಂದು ಹೊರಟುಹೋಗುತ್ತಿದ್ದರು. ಉಪದೇಶ ಮಾಡದೆ ಕೇಳುವವನೊಬ್ಬನೇ ಅವರಿಗೆ ಬೇಕಾಗಿದ್ದನು. ಸಮಾರಿಟನ್ಸ್ ಎಂಬ ಸಂಘವು ಹೀಗೆ ಹುಟ್ಟಿತು.

ಇದು ಒಬ್ಬ ಮನುಷ್ಯನ ಅನುಭವವಾಯಿತು. ನಮ್ಮ ದೇಶದಲ್ಲಿ ಪಂಡಿತರು ಈ ವಿಷಯವನ್ನು ಅಳೆದು ತೂಗಿ ನೋಡಿದ್ದಾರೆ. ಬಿಹಾರದ ನಾಲಂದಾ ಜಿಲ್ಲೆಯಲ್ಲಿ ಎಪ್ಪತ್ತಕ್ಕಿಂತ ಹೆಚ್ಚು ಪ್ರೌಢಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಪಾಲು ಮಾಡಿದರು. ಒಂದು ಪಾಲಿನ ಶಾಲೆಗಳಲ್ಲಿ, ವೈದ್ಯರೂ ಅಲ್ಲದ ಉಪಾಧ್ಯಾಯರೂ ಅಲ್ಲದ, ಆದರೆ ತಕ್ಕ ತರಬೇತಿ ಹೊಂದಿದ ಒಬ್ಬೊಬ್ಬ ಸಲಹೆಗಾರರನ್ನು ಇಟ್ಟರು. ಅವರು ಮಕ್ಕಳ ಕಷ್ಟಗಳನ್ನು ಕೇಳಿದರು. ಮಕ್ಕಳು ತಮ್ಮ ಮಾತನ್ನು ಬರೆದು ಹಾಕುವದಕ್ಕೆ ಒಂದು ಪೆಟ್ಟಿಗೆಯನ್ನೂ ಇಟ್ಟರು. ಇನ್ನೊಂದು ಪಾಲಿನಲ್ಲಿ ಅದೇ ಕೆಲಸಗಳನ್ನು ಶಾಲೆಯ ಉಪಾಧ್ಯಾಯರೊಬ್ಬರಿಗೆ ವಹಿಸಿದರು. ಮೂರನೇ ಪಾಲಿನಲ್ಲಿ ಇವು ಯಾವವೂ ಇರಲಿಲ್ಲ. ೨೦೧೮ರಲ್ಲಿ ಪ್ರಕಟವಾದ ಫಲವು ಇದು: ಸಲಹೆಗಾರರಿದ್ದ ಶಾಲೆಗಳಲ್ಲಿ ಮಕ್ಕಳ ಮನಗುಂದುವಿಕೆಯೂ ಒಬ್ಬರನ್ನೊಬ್ಬರು ಪೀಡಿಸುವದೂ ಕಡಿಮೆಯಾದವು, ಶಾಲೆಯ ವಾತಾವರಣವು ಉತ್ತಮವಾಯಿತು, ಉಪಾಧ್ಯಾಯರಿಗೆ ವಹಿಸಿದ್ದ ಶಾಲೆಗಳಲ್ಲಿಯಾದರೋ, ಮೂರನೇ ಪಾಲಿನ ಶಾಲೆಗಳಿಗಿಂತ ಹೆಚ್ಚಿನ ಫಲ ಕಾಣಲಿಲ್ಲ.

ಇದರಿಂದ ಉಪಾಧ್ಯಾಯರನ್ನು ಹಳಿಯಬಾರದು. ಅವರಿಗೆ ಪಾಠದ ಭಾರವಿದೆ. ಸರಕಾರದ ಬೇರೆ ಬೇರೆ ಕೆಲಸಗಳ ಭಾರವೂ ಇದೆ. ಅದಲ್ಲದೆ ನನಗೆ ತೋರುವ ಇನ್ನೊಂದು ಕಾರಣವಿದೆ. ಉಪಾಧ್ಯಾಯರ ಕೈಯಲ್ಲಿ ಅಂಕ ಕೊಡುವ ಲೇಖನಿಯಿದೆ. ತಂದೆಯನ್ನು ಕರೆಸುವ ಅಧಿಕಾರವಿದೆ. ನ್ಯಾಯ ತೀರಿಸುವವನ ಮುಂದೆ ಯಾರು ತಾನೇ ತನ್ನ ಬಲಹೀನತೆಯನ್ನು ಬಿಚ್ಚಿಡುವನು? ಇದೇ ಮಾತು ತಂದೆಗೂ, ಚಿಕ್ಕಪ್ಪನಿಗೂ, ಸಭೆಯ ಹಿರಿಯನಿಗೂ ಸಲ್ಲುತ್ತದೆ. ಮಗುವು ನಮ್ಮ ಬಳಿಗೆ ಬರುವದಕ್ಕೆ ಮುಂಚೆ ಎರಡು ಪ್ರಶ್ನೆಗಳನ್ನು ತನ್ನೊಳಗೆ ಕೇಳಿಕೊಳ್ಳುತ್ತದೆ: ಇವರು ನನ್ನನ್ನು ಬೈಯುವರೋ? ಇವರು ಇದನ್ನು ಹರಡುವರೋ? ಎರಡಕ್ಕೂ ಇಲ್ಲವೆಂಬ ಉತ್ತರವು ನಮ್ಮ ನಡತೆಯಿಂದ ಅದಕ್ಕೆ ದೊರೆಯದಿದ್ದರೆ ಅದು ಬರುವದೇ ಇಲ್ಲ. ಆದಕಾರಣ ಗುಟ್ಟನ್ನು ಕಾಯುವದು ಸಣ್ಣ ಗುಣವಲ್ಲ. ಅದಿಲ್ಲದೆ ಸಹಾಯವು ಆರಂಭವಾಗುವದೇ ಇಲ್ಲ.

ಹಾಗಾದರೆ ಯಾವಾಗಲೂ ಗುಟ್ಟನ್ನು ಕಾದರೆ ಸಾಕೋ? ಇಲ್ಲಿಯೇ ನಾವು ಎರಡನೇ ಮಾತನ್ನು ಕಲಿಯಬೇಕು. ದೆಹಲಿಯ ಆರು ಸರಕಾರಿ ಶಾಲೆಗಳಲ್ಲಿ, ಮನೋವ್ಯಥೆಯುಳ್ಳವರೆಂದು ಗುರುತಿಸಲ್ಪಟ್ಟ ೨೫೧ ವಿದ್ಯಾರ್ಥಿಗಳ ಮೇಲೆ ನಡೆದ ಪರಿಶೋಧನೆಯೊಂದು ೨೦೨೦ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಗೆ, ಕಷ್ಟಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವ ರೀತಿಯನ್ನು ಕಲಿಸುವ ಪುಸ್ತಕಗಳನ್ನು ಮಾತ್ರ ಕೊಟ್ಟರು. ಮಿಕ್ಕವರಿಗೆ ಪುಸ್ತಕಗಳ ಸಂಗಡ, ತರಬೇತಿ ಹೊಂದಿದ ಸಾಧಾರಣ ಸಲಹೆಗಾರರೊಬ್ಬರು ಕೆಲವು ಸಾರಿ ಕೂತು ಮಾತಾಡಿದರು. ಆರು ವಾರಗಳ ಮೇಲೆ ನೋಡಿದಾಗ, ಸಲಹೆಗಾರರಿದ್ದವರಲ್ಲಿ ಮಕ್ಕಳು ತಾವೇ ಹೆಸರಿಸಿದ್ದ ಕಷ್ಟಗಳ ಭಾರವು ಹೆಚ್ಚಾಗಿ ಇಳಿದಿತ್ತು. ಆದರೆ ರೋಗದ ಲಕ್ಷಣಗಳನ್ನು ಬೇರೆಯಾಗಿ ಅಳೆದರೆ ಆ ಹೊತ್ತಿಗೆ ಎರಡು ಗುಂಪುಗಳಿಗೂ ಹೇಳತಕ್ಕ ವ್ಯತ್ಯಾಸ ಕಾಣಲಿಲ್ಲ.

ನಿಮ್ಹಾನ್ಸಿನ ಪಂಡಿತರು ೨೦೧೦ರಲ್ಲಿ ಪ್ರಕಟಿಸಿದ ಇನ್ನೊಂದು ಪರಿಶೋಧನೆಯೂ ಇದಕ್ಕೆ ಸಮೀಪವಾದದ್ದು. ಉಪಾಧ್ಯಾಯರ ಮೂಲಕ ಬಾಳುವೆಯ ಕೌಶಲಗಳನ್ನು, ಅಂದರೆ ಸಿಟ್ಟನ್ನು ತಡೆಯುವದು, ಬೇಡವೆನ್ನಲು ಕಲಿಯುವದು, ಯೋಚಿಸಿ ತೀರ್ಮಾನಿಸುವದು ಮುಂತಾದವುಗಳನ್ನು, ಒಂದು ವರುಷ ಕಲಿತ ೬೦೫ ಮಕ್ಕಳನ್ನು, ಕಲಿಯದ ೪೨೩ ಮಕ್ಕಳ ಸಂಗಡ ಹೋಲಿಸಿ ನೋಡಿದರು. ಕಲಿತವರಿಗೆ ತಮ್ಮ ಮೇಲೆ ತಮಗಿರುವ ಗೌರವವು ಹೆಚ್ಚಿತ್ತು. ಉಪಾಧ್ಯಾಯರ ಸಂಗಡಲೂ ಶಾಲೆಯಲ್ಲಿಯೂ ಅವರು ಉತ್ತಮವಾಗಿ ಹೊಂದಿಕೊಂಡಿದ್ದರು. ಆದರೆ ಮನೆಯಲ್ಲಿಯೂ ಜೊತೆಗಾರರ ಸಂಗಡಲೂ ಹೊಂದಿಕೊಳ್ಳುವದರಲ್ಲಿ, ಹಾಗೂ ಮನೋರೋಗದ ಲಕ್ಷಣಗಳಲ್ಲಿ, ವ್ಯತ್ಯಾಸವಿರಲಿಲ್ಲ. ಈ ವಾಕ್ಯವನ್ನು ತಂದೆತಾಯಿಗಳು ಎರಡು ಸಾರಿ ಓದಬೇಕು. ಶಾಲೆಯು ಮಾಡಬಹುದಾದದ್ದನ್ನು ಶಾಲೆಯು ಮಾಡಿತು. ಮನೆಯ ಬಾಗಲೊಳಗೆ ಅದು ಬರಲಾರದೆ ಹೋಯಿತು.

ಈ ಮೂರು ಪರಿಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರವು ಅರ್ಧ ದೊರೆಯುತ್ತದೆ. ನಂಬತಕ್ಕವರೊಬ್ಬರು ಕೇಳಿದರೆ ಮಗುವಿನ ಭಾರವು ಇಳಿಯುತ್ತದೆ. ಆದರೆ ಕೇಳಿದ ಮಾತ್ರಕ್ಕೆ ಎಲ್ಲಾ ರೋಗವೂ ಗುಣವಾಗುವದಿಲ್ಲ. ಕೇಳುವವನು ಮೊದಲನೇ ಮನುಷ್ಯನಾಗಿರಬಹುದು, ಕೊನೇ ಮನುಷ್ಯನಾಗಿರಬಾರದು. “ಯಾರಿಗೂ ಹೇಳುವದಿಲ್ಲ” ಎಂದು ಆಣೆ ಕೊಟ್ಟವನು ತನ್ನ ಕೈಗಳನ್ನು ತಾನೇ ಕಟ್ಟಿಕೊಂಡು, ಮಗುವನ್ನು ಮುಂದೆ ಕರಕೊಂಡು ಹೋಗಲಾರದವನಾಗುತ್ತಾನೆ.

ನಮ್ಮ ಹಿರಿಯರ ಕಾಲದಲ್ಲಿ ಒಬ್ಬರು ಪರಸ್ಥಳಕ್ಕೆ ಹೋಗುವಾಗ ತಮ್ಮ ಒಡವೆಯ ಗಂಟನ್ನು ನಂಬಿದ ನೆರೆಯವರಲ್ಲಿ ಇಟ್ಟುಹೋಗುತ್ತಿದ್ದರು. ಇಟ್ಟುಕೊಂಡವರು ಅದನ್ನು ಬಿಚ್ಚಿ ಊರಿಗೆ ತೋರಿಸುತ್ತಿರಲಿಲ್ಲ, ತಮ್ಮದೆಂದು ತೊಟ್ಟುಕೊಳ್ಳುತ್ತಿರಲಿಲ್ಲ. ಆದರೆ ಮನೆಗೆ ಬೆಂಕಿ ಬಿದ್ದರೆ, “ಹೊರಗೆ ತೆಗೆಯುವದಿಲ್ಲವೆಂದು ಮಾತು ಕೊಟ್ಟಿದ್ದೇನೆ” ಎಂದು ಗಂಟನ್ನು ಒಳಗೇ ಬಿಟ್ಟು ಓಡಿಹೋದವನನ್ನು ಯಾರಾದರೂ ಪ್ರಾಮಾಣಿಕನೆಂದು ಹೊಗಳುತ್ತಿದ್ದರೋ? ಮಗುವಿನ ಗುಟ್ಟು ಹಾಗೆಯೇ ನಮ್ಮಲ್ಲಿ ಇಟ್ಟ ಗಂಟು. ಅದು ಮಗುವಿನದು, ನಮ್ಮದಲ್ಲ. ಅಂಕ ಕಡಿಮೆಯಾದದ್ದು, ಮನಸ್ಸಿನಲ್ಲಿ ಹುಟ್ಟಿದ ಒಂದು ಪ್ರೀತಿ, ಜೊತೆಗಾರರಿಂದಾದ ಅವಮಾನ, ತಂದೆಯ ಮೇಲಿನ ಸಿಟ್ಟು ಇವು ಒಡವೆಗಳು. ಮಗುವಿನ ಒಪ್ಪಿಗೆಯಿಲ್ಲದೆ ಇವುಗಳನ್ನು ತಂದೆಗೆ ಮುಟ್ಟಿಸುವದಕ್ಕೆ ನಮಗೆ ಹಕ್ಕಿಲ್ಲ. ಆದರೆ ಮಗುವಿನ ಪ್ರಾಣಕ್ಕಾಗಲಿ ಬೇರೊಬ್ಬರ ಪ್ರಾಣಕ್ಕಾಗಲಿ ಅಪಾಯವಿದ್ದರೆ, ಅಥವಾ ಯಾರಾದರೂ ಮಗುವಿನ ಶರೀರವನ್ನು ಕೆಡಿಸುತ್ತಿದ್ದರೆ, ಅದು ಬೆಂಕಿ.

ದೇಶದ ಕಾನೂನು ಕೂಡಾ ಈ ಗೆರೆಯನ್ನೇ ಎಳೆದಿದೆ. ೨೦೧೭ರ ಮಾನಸಿಕ ಆರೋಗ್ಯ ರಕ್ಷಣೆಯ ಕಾಯಿದೆಯು, ರೋಗಿಯ ಸಂಗತಿಗಳನ್ನು ವೈದ್ಯರು ಗುಟ್ಟಾಗಿ ಇಡಬೇಕೆಂದು ಆಜ್ಞಾಪಿಸುತ್ತದೆ. ಪ್ರಾಣಾಪಾಯವನ್ನು ತಪ್ಪಿಸುವದು ಅವಶ್ಯವಾದಾಗ ಅದಕ್ಕೆ ವಿನಾಯಿತಿ ಕೊಡುತ್ತದೆ. ಬೇರೊಬ್ಬರಿಗೆ ಆಗುವ ಹಾನಿಯನ್ನು ತಡೆಯುವದಕ್ಕೋಸ್ಕರವಾದರೆ, ಬೇಕಾದಷ್ಟನ್ನು ಮಾತ್ರ ಹೇಳಬೇಕೆಂದೂ ಕಟ್ಟು ಹಾಕುತ್ತದೆ. ೨೦೧೨ರ ಪೋಕ್ಸೋ ಕಾಯಿದೆಯ ಮೇರೆಗೆ, ೧೮ ವರುಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧವಾದದ್ದು ತಿಳಿದವರು ಯಾರೇ ಆಗಲಿ ಪೊಲೀಸಿನವರಿಗೆ ತಿಳಿಸಲೇಬೇಕು, ಮರೆಮಾಡುವದೇ ಅಪರಾಧ. ಮನೆಯ ಮಾನ, ಸಭೆಯ ಮಾನ ಎಂಬ ನೆವಗಳು ಅಲ್ಲಿ ನಡೆಯುವದಿಲ್ಲ, ನಡೆಯಲೂ ಬಾರದು. ಹೀಗಿರಲಾಗಿ, ಏನನ್ನೂ ಎಂದೂ ಯಾರಿಗೂ ಹೇಳುವದಿಲ್ಲವೆಂಬ ವಚನವು ನಾವು ಕೊಡಲಾರದ ವಚನ. ಕೊಡಲಾರದ್ದನ್ನು ಕೊಟ್ಟು ಆ ಮೇಲೆ ಮುರಿಯುವದಕ್ಕಿಂತ, ಮೊದಲೇ ನಿಜವನ್ನು ಹೇಳುವದು ನ್ಯಾಯವಾದದ್ದು.

ಹಾಗಾದರೆ ಆ ಸಂಜೆ ಬಾಗಲಲ್ಲಿ ನಿಂತ ಹುಡುಗನಿಗೆ ಏನು ಹೇಳಬೇಕು? ಹೀಗೆ ಹೇಳಬಹುದು: “ಬಾ, ಕೂತುಕೋ. ನೀನು ಹೇಳಿದ್ದು ಊರಿಗೆ ಹೋಗುವದಿಲ್ಲ. ನಿನ್ನನ್ನು ಬೈಯುವದಿಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯವಿದೆಯೆಂದು ನನಗೆ ಕಂಡರೆ ನಾನೊಬ್ಬಳೇ ಅದನ್ನು ಹೊರಲಾರೆನು. ಆಗ ಯಾರಿಗೆ ಹೇಳಬೇಕೆಂಬದನ್ನು ನಾವಿಬ್ಬರೂ ಕೂಡಿ ಯೋಚಿಸೋಣ. ನಿನಗೆ ತಿಳಿಯದೆ ನಾನು ಹೇಳುವದಿಲ್ಲ.”

ಇದನ್ನು ಕೇಳಿ ಹುಡುಗನು ಏನೂ ಹೇಳದೆ ಹೊರಟುಹೋದರೆ? ಇದು ಹಗುರವಾದ ಆಕ್ಷೇಪಣೆಯಲ್ಲ. ಕೆಲವರು ಹೋಗಬಹುದು. ಆದರೆ ಮೋಸದ ವಚನದಿಂದ ಒಬ್ಬನನ್ನು ಒಳಗೆ ಕರೆದು, ನಾಳೆ ಅವನಿಗೆ ತಿಳಿಯದಂತೆ ತಂದೆಯ ಕಿವಿಗೆ ಹಾಕಿದರೆ, ಅವನು ಇನ್ನು ಮುಂದೆ ಯಾವ ಮನುಷ್ಯನನ್ನೂ ನಂಬದೆ ಹೋದಾನು. ಅದನ್ನು ಕೇಳಿದ ಬೇರೆ ಮಕ್ಕಳೂ ನಂಬಲಾರರು. ನಿಜ ಹೇಳಿ ಕಳಕೊಂಡವನು ತಿರಿಗಿ ಬರಬಹುದು. ಮೋಸಹೋದವನು ಬರುವದು ಕಷ್ಟ. ಆದದರಿಂದ ಹೊರಟುಹೋದವನನ್ನು ಸುಮ್ಮನೆ ಬಿಡದೆ, ಮಾರನೇ ದಿನ ನಾವೇ ಅವನ ಮನೆಯ ಕಡೆಗೆ ಹೋಗಿ ಯೋಗಕ್ಷೇಮವನ್ನು ವಿಚಾರಿಸಬೇಕು.

“ತಂದೆಗೆ ಎಲ್ಲವನ್ನೂ ತಿಳಿಯುವ ಹಕ್ಕಿಲ್ಲವೋ?” ಎಂದು ಕೆಲವು ತಂದೆಗಳು ಕೇಳಿಯಾರು. ಅಪಾಯವನ್ನು ತಿಳಿಯುವ ಹಕ್ಕು ತಂದೆಗೆ ನಿಶ್ಚಯವಾಗಿ ಇದೆ. ಪ್ರತಿಯೊಂದು ಮಾತನ್ನು ತಿಳಿಯುವ ಹಕ್ಕು ಇದೆಯೆಂದು ನಾನು ನೆನಸುವದಿಲ್ಲ. “ನಿಮ್ಮ ಮಗನು ಬಹಳ ನೊಂದಿದ್ದಾನೆ, ಈ ರಾತ್ರಿ ಅವನನ್ನು ಒಬ್ಬನೇ ಬಿಡಬೇಡಿರಿ, ನಾಳೆ ವೈದ್ಯರ ಬಳಿಗೆ ಹೋಗೋಣ” ಎಂಬಷ್ಟು ಹೇಳಿದರೆ ಜೀವವನ್ನು ಕಾಯುವದಕ್ಕೆ ಸಾಕು. ತಂದೆಯ ಏಟಿಗೇ ಮಗನು ಹೆದರಿದ್ದರೆ, ತಾಯಿಗೋ ಅಜ್ಜನಿಗೋ ಹೇಳಬೇಕು. ಮನೆಯೇ ಅಪಾಯದ ಸ್ಥಳವಾಗಿದ್ದರೆ ಮಕ್ಕಳ ಸಹಾಯಕ್ಕೆ ೧೦೯೮ ಎಂಬ ಟೆಲಿಫೋನಿನ ಸಂಖ್ಯೆಯಿದೆ.

ಇನ್ನೊಂದು ಭಯವು ಒಳ್ಳೇ ಜನರನ್ನು ಹಿಡಿದುಕೊಂಡಿದೆ. ಸಾಯುವ ಯೋಚನೆ ಬರುತ್ತದೋ ಎಂದು ಬಾಯಿಬಿಟ್ಟು ಕೇಳಿದರೆ, ಇಲ್ಲದ ಯೋಚನೆಯನ್ನು ನಾವೇ ಬಿತ್ತಿದಂತಾದೀತು ಎಂಬ ಭಯ. ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ಅಮೇರಿಕದ ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ ೨೩೪೨ ವಿದ್ಯಾರ್ಥಿಗಳಲ್ಲಿ ನಡೆದು ೨೦೦೫ರಲ್ಲಿ ಪ್ರಕಟವಾದ ಪರಿಶೋಧನೆಯಲ್ಲಿ, ಅಂಥ ಪ್ರಶ್ನೆಯನ್ನು ಕೇಳಲ್ಪಟ್ಟವರಿಗೆ ಕೇಳದವರಿಗಿಂತ ಹೆಚ್ಚಿನ ವ್ಯಥೆಯೂ ಅಂಥ ಯೋಚನೆಯೂ ಉಂಟಾಗಲಿಲ್ಲ. ಆದಕಾರಣ ಮೆಲ್ಲನೆ, ನೇರವಾಗಿ, ಕಣ್ಣಿಗೆ ಕಣ್ಣಿಟ್ಟು ಕೇಳಬಹುದು. “ಹುಚ್ಚಾ, ಹಾಗೆಲ್ಲಾ ಅನ್ನಬಾರದು” ಎಂದು ಬಾಯಿ ಮುಚ್ಚಿಸುವದಕ್ಕಿಂತ, “ಎಷ್ಟು ದಿನದಿಂದ ಹೀಗೆ ಅನ್ನಿಸುತ್ತದೆ?” ಎಂದು ಕೇಳುವದು ಲೇಸು.

ಕೇಳಿದ ಮೇಲೆ ಎಲ್ಲಿಗೆ ಕರಕೊಂಡು ಹೋಗಬೇಕು? ಈ ವಿಷಯದಲ್ಲಿ ನಮ್ಮ ಸೀಮೆಯವರಿಗೆ ನೆವವಿಲ್ಲ. ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು; ೧೯೭೪ರಲ್ಲಿ ಅದು ಅಲ್ಲಿಯ ಮಾನಸಿಕ ಆಸ್ಪತ್ರೆಯ ಸಂಗಡ ಸೇರಿ ನಿಮ್ಹಾನ್ಸ್ ಎನಿಸಿಕೊಂಡಿತು. ಇಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಲ್ಲಿಯೇ ಅದು ಇದೆ. ೧೯೭೫ರಲ್ಲಿ ಅಲ್ಲಿಯ ವೈದ್ಯರು ಆನೇಕಲ್ ತಾಲೂಕಿನ ಸಕಲವಾರ ಎಂಬ ಹಳ್ಳಿಯಲ್ಲಿ ಕೇಂದ್ರವನ್ನು ಮಾಡಿ, ಹಳ್ಳಿಯ ಸಾಧಾರಣ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗವನ್ನು ಗುರುತಿಸುವದನ್ನು ಕಲಿಸಲಾರಂಭಿಸಿದರು. ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ವಿಸ್ತಾರವಾಗಿ ನಡಿಸಿ ನೋಡಿದರು; ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಹೀಗೆ ದೊಡ್ಡ ವೈದ್ಯರಿಗೆ ಸೇರಿದ್ದೆಂದು ನಾವು ನೆನಸುವ ಕೆಲಸದ ಒಂದು ಪಾಲನ್ನು ಹಳ್ಳಿಯವರೇ ಮಾಡಬಹುದೆಂಬ ಪಾಠವು ನಮ್ಮ ಪಕ್ಕದ ಹೊಲಗಳಲ್ಲಿಯೇ ಹುಟ್ಟಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ವಿಚಾರಿಸಬಹುದು. ಹದಿಹರೆಯದವರಿಗಾಗಿ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂಬವುಗಳೂ ಉಂಟು. ೨೦೨೨ರ ಅಕ್ಟೋಬರ್ ೧೦ರಿಂದ ಟೆಲಿ ಮಾನಸ್ ಎಂಬ ಸಹಾಯವು ನಡೆಯುತ್ತದೆ. ನಿಮ್ಹಾನ್ಸ್ ಇದಕ್ಕೆ ಮುಖ್ಯಸ್ಥಾನ, ಇದರ ಯಂತ್ರವ್ಯವಸ್ಥೆಗೆ ಇಲೆಕ್ಟ್ರಾನಿಕ್ ಸಿಟಿಯ ಐ.ಐ.ಐ.ಟಿ. ವಿದ್ಯಾಸಂಸ್ಥೆಯು ನೆರವಾಯಿತು. ೧೪೪೧೬ ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಹಣವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಹುಡುಗನ ಪಕ್ಕದಲ್ಲಿ ಕೂತು ನೀವೇ ಆ ಸಂಖ್ಯೆಯನ್ನು ಒತ್ತಿಕೊಡಬಹುದು. ಪ್ರಾಣಕ್ಕೆ ಆ ಕ್ಷಣವೇ ಅಪಾಯವಿದೆಯೆಂದು ಕಂಡರೆ ಒಬ್ಬನೇ ಬಿಡದೆ ಸಮೀಪದ ಆಸ್ಪತ್ರೆಗೆ ಕರಕೊಂಡು ಹೋಗಬೇಕು, ಅಥವಾ ೧೧೨ಕ್ಕೆ ಕರೆಮಾಡಬೇಕು.

ಪೊಲೀಸಿನ ಭಯದಿಂದ ಮುಚ್ಚಿಡುವವರಿಗೂ ಒ೦ದು ಮಾತು. ಹಿಂದಿನ ದಂಡಸಂಹಿತೆಯ ೩೦೯ನೇ ಕಲಮಿನ ಮೇರೆಗೆ ಪ್ರಾಣ ಕಳಕೊಳ್ಳಲು ಯತ್ನಿಸಿದವನಿಗೆ ಒಂದು ವರುಷದ ವರೆಗೆ ಸೆರೆವಾಸವಾಗಬಹುದಿತ್ತು. ೨೦೧೭ರ ಕಾಯಿದೆಯು, ಅಂಥವನು ತೀವ್ರವಾದ ಮನೋಭಾರದಲ್ಲಿದ್ದನೆಂದು ಎಣಿಸಿ, ಅವನನ್ನು ದಂಡಿಸದೆ ಆರೈಕೆ ಮಾಡಬೇಕೆಂದು ಗೊತ್ತುಮಾಡಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಹೊಸ ನ್ಯಾಯಸಂಹಿತೆಯಲ್ಲಿ ಆ ಹಳೇ ಕಲಮು ಇಲ್ಲ. ನೊಂದವನನ್ನು ಅಪರಾಧಿಯೆಂದು ನೋಡುವದನ್ನು ದೇಶದ ಕಾನೂನೇ ಬಿಟ್ಟುಬಿಟ್ಟಿರಲಾಗಿ, ನಾವು ಅವನನ್ನು ಹಾಗೆ ನೋಡಬಹುದೋ? ಅವನ ವ್ಯಥೆಯನ್ನು ಪಾಪದ ಫಲವೆಂದೋ ದೆವ್ವದ ಕಾಟವೆಂದೋ ಅವನ ಮುಖದ ಮುಂದೆ ಹೇಳಿ, ಗಾಯದ ಮೇಲೆ ಗಾಯ ಮಾಡಬಹುದೋ? ಪ್ರಾರ್ಥನೆ ಮಾಡುವವರು ಮಾಡಲಿ. ಮಾಡಿದವರೇ ಅವನ ಕೈಹಿಡಿದು ಬಸ್ಸು ಹತ್ತಿಸಿ ವೈದ್ಯರ ಬಳಿಗೂ ಕರಕೊಂಡು ಹೋಗಲಿ. ಒಂದು ಇನ್ನೊಂದಕ್ಕೆ ವಿರೋಧವಲ್ಲ.

ಇಷ್ಟು ಹೇಳಿದ ಮೇಲೂ ಒಂದನ್ನು ಒಪ್ಪಿಕೊಳ್ಳಬೇಕು. ಕೇಳುವದರಿಂದ ಬಡತನ ನೀಗುವದಿಲ್ಲ. ರಾತ್ರಿ ಪಾಳಿ ನಿಲ್ಲುವದಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದ ಮನೆಗಳಲ್ಲಿಯೂ ಕೆಲವು ಸಾರಿ ದುಃಖ ಸಂಭವಿಸಿದೆ. ಅಂಥ ತಂದೆತಾಯಿಗಳ ಮೇಲೆ ಯಾರೂ ಕಲ್ಲೆಸೆಯದಿರಲಿ. ಆದರೆ ಕೆಲವು ಕಷ್ಟಗಳು ಹೇಳಿಕೊಂಡ ಕೂಡಲೇ ಚಿಕ್ಕವಾಗುತ್ತವೆ. ಒಂದು ಪರೀಕ್ಷೆಯಲ್ಲಿ ಸೋತರೆ ಬಾಳೇ ಮುಗಿಯಿತೆಂದು ನೆನಸಿದ ಹುಡುಗನಿಗೆ, ನಮ್ಮ ರಾಜ್ಯದಲ್ಲಿ ೨೦೨೩-೨೪ನೇ ಸಾಲಿನಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ವರುಷಕ್ಕೆ ಮೂರು ಪರೀಕ್ಷೆಗಳನ್ನು ನಡಿಸುವ ಪದ್ಧತಿಯನ್ನು ತಂದರೆಂಬದನ್ನು ಯಾರಾದರೂ ಪಕ್ಕದಲ್ಲಿ ಕೂತು ಹೇಳಿದ್ದಾರೋ? ಲಿಂಕನ್ ಪಟ್ಟಣದ ಆ ಹುಡುಗಿಗೂ ಬೇಕಾಗಿದ್ದದ್ದು ಅಂಥ ಒಂದು ಮಾತು ಮಾತ್ರ.

ಆದದರಿಂದ, ಪ್ರಿಯರೇ, ಈ ವಾರದಲ್ಲಿ ನಮ್ಮ ನಮ್ಮ ಮನೆಗಳಲ್ಲಿ ಒಂದು ಕೆಲಸವನ್ನು ಮಾಡೋಣ. ನಮ್ಮ ಮುಂದೆ ಇನ್ನೊಬ್ಬರ ಮನೆಯ ಮಗುವಿನ ಗುಟ್ಟು ಬಂದರೆ ಅದನ್ನು ಅಲ್ಲಿಯೇ ನಿಲ್ಲಿಸೋಣ. ನಮ್ಮ ಮಕ್ಕಳು ಅದನ್ನು ನೋಡುವರು. ನಾವು ಇನ್ನೊಬ್ಬರ ಮಗನ ವಿಷಯವಾಗಿ ಹ್ಯಾಗೆ ಮಾತಾಡುತ್ತೇವೋ ಅದರಿಂದಲೇ ನಮ್ಮ ಮಗನು, ತನ್ನ ಮಾತನ್ನು ನಮಗೆ ಹೇಳಬಹುದೋ ಹೇಳಬಾರದೋ ಎಂದು ತೀರ್ಮಾನಿಸುತ್ತಾನೆ. ಆ ಮೇಲೆ ಒಂದು ಸಂಜೆ ಯಾರಾದರೂ ಬಾಗಲ ತನಕ ಹೋಗಿ ತಿರಿಗಿ ಬಂದರೆ, ಒಲೆಯ ಮೇಲಿನ ಅನ್ನವನ್ನು ಇಳಿಸಿಟ್ಟು, ಮೊಬೈಲನ್ನು ಬದಿಗಿಟ್ಟು, ಅವನ ಹತ್ತಿರ ಕೂತುಕೊಳ್ಳೋಣ. ಸುಳ್ಳು ಆಣೆಯನ್ನು ಕೊಡದಿರೋಣ, ಊರಿಗೆ ಹಂಚದಿರೋಣ, ಒಬ್ಬನನ್ನೇ ಬಿಡದಿರೋಣ.